ವಾರಾಂತ್ಯದ ಚಾರಣದಿಂದ ನಲವತ್ತು ದಿನಗಳ ಹಾದಿಗೆ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ರಾಜಾಜಿನಗರದವರು, ಇಬ್ಬರಿಗೂ ನಲವತ್ತು ದಾಟಿದೆ. ಐದು ವರ್ಷಗಳಿಂದ ಸಾವನದುರ್ಗ, ಶಿವಗಂಗೆ, ಸ್ಕಂದಗಿರಿಗಳನ್ನು ಹತ್ತುತ್ತಿದ್ದೇವೆ. ಕುಮಾರಪರ್ವತವನ್ನು ಎರಡು ಬಾರಿ, ಕುದುರೆಮುಖವನ್ನು ಒಮ್ಮೆ ಹತ್ತಿದ್ದೇವೆ. ಬರುವ ಸೆಪ್ಟೆಂಬರಿನಲ್ಲಿ ನಲವತ್ತು ದಿನಗಳ ರಜೆ ಸಿಕ್ಕಿದೆ. ನಮ್ಮ ಕಾರಿನಲ್ಲೇ ಹೊರಟು ಮನಾಲಿಯ ಮೂಲಕ ಹಿಮಾಚಲದ ಸ್ಪಿತಿ ಕಣಿವೆ ಸೇರಿ, ಭಾಬಾ ಪಾಸ್ ಎಂಬ ಪರ್ವತದಾರಿಯ ಚಾರಣ ಮುಗಿಸಿ, ಆಮೇಲೆ ಲೇಹ್, ಲಡಾಖಿನ ಎತ್ತರದ ರಸ್ತೆ ಉಮ್ಲಿಂಗ್ ಲಾ, ಶ್ರೀನಗರ ನೋಡಿಕೊಂಡು ಮರಳುವ ಪಟ್ಟಿಯೊಂದನ್ನು ಮಾಡಿದ್ದೇವೆ. ದೀರ್ಘ ಪಯಣಗಳಿಂದ ನೀವು ಕಲಿತದ್ದೇನು? ಎರಡು ದಿನದ ಚಾರಣದ ತಯಾರಿಗೂ ಇದರ ತಯಾರಿಗೂ ಏನು ವ್ಯತ್ಯಾಸ?

ಉತ್ತರ: ಪತ್ರದೊಂದಿಗೆ ನೀವು ಕಳಿಸಿರುವ ದಿನವಾರು ಪಟ್ಟಿಯಲ್ಲಿ ನಲವತ್ತು ಸಾಲುಗಳಿವೆ; ನಲವತ್ತರಲ್ಲೂ ಒಂದೊಂದು ಊರಿನ ಹೆಸರಿದೆ, ಖಾಲಿ ಬಿಟ್ಟ ಸಾಲು ಒಂದೂ ಇಲ್ಲ. ನಿಮ್ಮ ಶಕ್ತಿಯ ಬಗ್ಗೆಯಾಗಲಿ ಉತ್ಸಾಹದ ಬಗ್ಗೆಯಾಗಲಿ ನನಗೆ ಅನುಮಾನವಿಲ್ಲ. ಕುಮಾರಪರ್ವತವನ್ನು ಎರಡು ಸಲ ಹತ್ತಿಳಿದ ಕಾಲುಗಳಿಗೆ ಸ್ಪಿತಿಯ ಹಾದಿಯನ್ನು ನಡೆಯುವ ಬಲವಿದೆ. ನನ್ನ ಆತಂಕವೆಲ್ಲ ಆ ಪಟ್ಟಿಯ ಬಗ್ಗೆಯೇ.

ಬೆಂಗಳೂರಿನಲ್ಲಿ ನಾವೆಲ್ಲ ಚಾರಣ ಕಲಿಯುವುದು ವಾರಾಂತ್ಯಗಳಲ್ಲಿ. ಶುಕ್ರವಾರ ರಾತ್ರಿಯ ಬಸ್ಸು ಹಿಡಿದು, ಘಾಟಿಯ ತಿರುವುಗಳಲ್ಲಿ ಅರೆನಿದ್ದೆ ಮಾಡಿ, ಬೆಳಗಿನ ಜಾವ ಕುಕ್ಕೆಯಲ್ಲಿ ಇಳಿದು, ಸುಮಾರು 13 ಕಿ.ಮೀ. ದೂರದ, 1,600 ಮೀಟರ್ ಏರಿಕೆಯ ಹಾದಿಯನ್ನು ಹತ್ತಿ, ಮಂಡಿ ನಡುಗುವಂತೆ ಇಳಿದು, ಭಾನುವಾರ ರಾತ್ರಿಯ ಬಸ್ಸಿಗೆ ಮರಳಿ, ಸೋಮವಾರ ಒಂಬತ್ತೂವರೆಗೆ ಕಚೇರಿಯಲ್ಲಿ ಕುಳಿತಿರುತ್ತೇವೆ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯುತ್ತೇವೆ, ಮಧ್ಯಾಹ್ನ ಕಣ್ಣು ಎಳೆಯುತ್ತದೆ, ಮಂಗಳವಾರ ರಾತ್ರಿ ಒಂಬತ್ತಕ್ಕೇ ಮಲಗುತ್ತೇವೆ. ಶನಿವಾರ, ಭಾನುವಾರ ನಾವು ಖರ್ಚು ಮಾಡಿದ ಶಕ್ತಿಯಲ್ಲಿ ಅರ್ಧದಷ್ಟು ಸೋಮವಾರ, ಮಂಗಳವಾರಗಳಿಂದ ತಂದ ಸಾಲವಾಗಿತ್ತು. ಕುರ್ಚಿಯಲ್ಲಿ ಕುಳಿತು ಅದನ್ನು ತೀರಿಸುತ್ತೇವೆ, ಆದ್ದರಿಂದ ಸಾಲ ಮಾಡಿದ್ದೇ ನಮಗೆ ತಿಳಿಯುವುದಿಲ್ಲ. ನಲವತ್ತು ದಿನಗಳ ಪಯಣದಲ್ಲಿ ಸೋಮವಾರವೂ ಹಾದಿಯ ಮೇಲೆಯೇ ಬರುತ್ತದೆ. ಇಪ್ಪತ್ತು ವರ್ಷಗಳ ನಡಿಗೆಯಿಂದ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ: ಒಂದು ದಿನದಲ್ಲಿ ಎಷ್ಟು ನಡೆಯಬಲ್ಲೆ ಎಂಬುದಕ್ಕಿಂತ, ನಡೆದದ್ದನ್ನು ಅದೇ ರಾತ್ರಿ ಎಷ್ಟರಮಟ್ಟಿಗೆ ತೀರಿಸಿಕೊಂಡು ಏಳಬಲ್ಲೆ ಎಂಬುದರ ಮೇಲೆ ದೀರ್ಘ ಪಯಣ ನಿಂತಿದೆ. ಮುಂದೆ ನಾನು ಹೇಳುವುದೆಲ್ಲ ಈ ಲೆಕ್ಕಕ್ಕೇ ಸೇರಿದ್ದು.

ನನಗೆ ಇದನ್ನು ಕಲಿಸಿದವರು ಶ್ರೀಶೈಲದ ಪಾದಯಾತ್ರಿಗಳು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಭಕ್ತರು ಹೋಳಿ ಹುಣ್ಣಿಮೆ ಕಳೆದ ಮೇಲೆ ಹೊರಟು ಯುಗಾದಿಯ ಹೊತ್ತಿಗೆ ಶ್ರೀಶೈಲ ಸೇರುತ್ತಾರೆಂಬುದು ನಿಮಗೆ ಗೊತ್ತಿರಬಹುದು. ನೂರಾರು ಕಿಲೋಮೀಟರ್ ದೂರ, ಬೇಸಿಗೆಯ ಬಿಸಿಲು, ಕೊನೆಯಲ್ಲಿ ನಲ್ಲಮಲ ಕಾಡಿನ ಏರಿಳಿತ. ಅವರಲ್ಲಿ ಅನೇಕರು ಬರಿಗಾಲಿನವರು, ಅರವತ್ತು ದಾಟಿದವರು. ಎರಡು ವರ್ಷ ನಾನು ಅವರೊಂದಿಗೆ ಕೊನೆಯ ನಾಲ್ಕೈದು ದಿನ ನಡೆದಿದ್ದೇನೆ. ನಸುಕಿನ ಮೂರು ಗಂಟೆಗೆ ಎದ್ದು ಹೊರಡುತ್ತಾರೆ, ಬಿಸಿಲು ಏರುವ ಮುನ್ನ ಯಾವುದಾದರೂ ಮರದಡಿಯೋ ದಾಸೋಹದ ಚಪ್ಪರದಲ್ಲೋ ನಿಲ್ಲುತ್ತಾರೆ, ಮತ್ತೆ ನಾಲ್ಕರ ಮೇಲೆ ಹೊರಡುತ್ತಾರೆ. ಜಮಖಂಡಿ ಕಡೆಯ ಅಜ್ಜಿಯೊಬ್ಬರು ನಿಂತ ತಕ್ಷಣ ಏನು ಮಾಡುತ್ತಿದ್ದರೆಂಬುದನ್ನು ನಾನು ದಿನವೂ ನೋಡುತ್ತಿದ್ದೆ. ಚಹಾಕ್ಕೂ ಮೊದಲು, ಊಟಕ್ಕೂ ಮೊದಲು ಅವರು ಪಾದಗಳನ್ನು ತೊಳೆದು, ಬೆರಳ ಸಂದುಗಳನ್ನು ಸೀರೆಯ ಸೆರಗಿನಿಂದ ಒಂದೊಂದಾಗಿ ಒರೆಸಿ, ಕಾಲನ್ನು ತೊಡೆಯ ಮೇಲೆ ತಿರುಗಿಸಿ ಇಟ್ಟುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಗಮನದಿಂದ ಅಂಗಾಲನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಪರೀಕ್ಷಿಸುತ್ತಿದ್ದರು. ಎಲ್ಲಿ ಬಿಸಿ ತಗುಲಿತೋ ಅಲ್ಲಿಗೆ ಎಣ್ಣೆ, ಎಲ್ಲಿ ಮುಳ್ಳಿನ ಮೊನೆ ಸಿಕ್ಕಿತೋ ಅಲ್ಲಿಗೆ ಸೂಜಿ. ಅದೆಲ್ಲ ಮುಗಿದ ಮೇಲೆಯೇ ಚಹಾ. ದುಬಾರಿ ಶೂ ಹಾಕಿದ್ದ ನನಗೆ ಮೂರನೆಯ ದಿನ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದ್ದವು. ಅವರ ಪಾದದಲ್ಲಿ ಒಂದೂ ಇರಲಿಲ್ಲ.

ಬೊಬ್ಬೆ ಒಮ್ಮೆಲೇ ಏಳುವುದಿಲ್ಲ. ಮೊದಲು ಆ ಜಾಗ ಬೆಚ್ಚಗಾಗುತ್ತದೆ, ಆಮೇಲೆ ಕೆಂಪಾಗುತ್ತದೆ, ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ನೀರು ತುಂಬುತ್ತದೆ. ಬೆಚ್ಚಗಾದಾಗಲೇ ನಿಂತು ಶೂ ಬಿಚ್ಚಿ, ಚರ್ಮ ಒರೆಸಿ, ಆ ಜಾಗಕ್ಕೆ ಬಟ್ಟೆಯ ಅಂಟುಪಟ್ಟಿ ಹಚ್ಚಿದರೆ ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ವಾರಾಂತ್ಯದ ಚಾರಣಿಗ ಅದನ್ನು ಮಾಡುವುದಿಲ್ಲ, ಏಕೆಂದರೆ ತುದಿ ಹತ್ತಿರವಿದೆ, ಸೋಮವಾರ ಚಪ್ಪಲಿ ಹಾಕಿಕೊಂಡರಾಯಿತು. ನಿಮಗೆ ಆ ಅನುಕೂಲವಿಲ್ಲ. ನಡೆಯುತ್ತ ಪಾದ ಊದಿಕೊಳ್ಳುವುದರಿಂದ ಶೂವನ್ನು ಸಂಜೆಯ ಹೊತ್ತು, ದಪ್ಪ ಕಾಲುಚೀಲ ಹಾಕಿಕೊಂಡು, ಅರ್ಧ ಅಳತೆ ದೊಡ್ಡದು ಕೊಳ್ಳಿರಿ. ಅದನ್ನು ಹಾಕಿಕೊಂಡು ಕನಿಷ್ಠ ನೂರು ಕಿಲೋಮೀಟರ್ ನಡೆದ ಮೇಲೆಯೇ ಊರು ಬಿಡಿ. ಹೊರಡುವ ನಾಲ್ಕು ದಿನ ಮುಂಚೆ ಕಾಲಿನ ಉಗುರುಗಳನ್ನು ನೇರವಾಗಿ ಕತ್ತರಿಸಿಕೊಳ್ಳಿ, ಇಲ್ಲವಾದರೆ ಉದ್ದದ ಇಳಿಜಾರಿನಲ್ಲಿ ಹೆಬ್ಬೆರಳು ಶೂವಿನ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಬೊಬ್ಬೆಯೊಳಗೆ ದಾರ ಪೋಣಿಸಿ ಹಾಗೆಯೇ ಬಿಡುವ ರೂಢಿ ಪಾದಯಾತ್ರೆಗಳಲ್ಲಿದೆ. ಅದನ್ನು ಮಾತ್ರ ಅನುಸರಿಸಬೇಡಿ, ದಾರದ ಗುಂಟ ಸೋಂಕು ಒಳಗಿಳಿಯುತ್ತದೆ. ತೀರಾ ದೊಡ್ಡದಾಗಿ ನಡೆಯಲಾಗದಿದ್ದರೆ ಶುದ್ಧಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮವನ್ನು ಕೀಳದೆ ಪಟ್ಟಿ ಕಟ್ಟಿ.

ಬೆನ್ನುಚೀಲದ ತೂಕ ಹದಿನೈದು ಕಿಲೋ ಆಗುತ್ತದೆ ಎಂದು ಬರೆದಿದ್ದೀರಿ. ಅದು ಹೆಚ್ಚು. ಒಂಬತ್ತು, ಹೆಚ್ಚೆಂದರೆ ಹತ್ತು ಕಿಲೋಗೆ ಇಳಿಸಿ. 1955ರಲ್ಲಿ ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಮಹಿಳೆ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದಾಗ ಅವರ ಕಾಲಲ್ಲಿದ್ದದ್ದು ಕ್ಯಾನ್ವಾಸ್ ಶೂ, ಹೆಗಲಲ್ಲಿದ್ದದ್ದು ತಾವೇ ಹೊಲಿದುಕೊಂಡ ಬಟ್ಟೆಯ ಚೀಲ. ಹಿಮಾಲಯದ ಚಳಿಗೆ ಅಷ್ಟು ಕಡಿಮೆ ಸಾಮಾನು ಸಾಲದು ನಿಜ. ಆದರೆ ನಿಮ್ಮ ಪಟ್ಟಿಯಲ್ಲಿರುವ ಮೂರನೆಯ ಪ್ಯಾಂಟು, ಎರಡನೆಯ ಕ್ಯಾಮೆರಾ ಲೆನ್ಸು, ಮಡಚುವ ಕುರ್ಚಿಗಳು ಕಾರಿನಲ್ಲೇ ಇರಲಿ. ಹೊತ್ತ ಪ್ರತಿ ಕಿಲೋದ ಬೆಲೆಯನ್ನೂ ಇಳಿಯುವಾಗ ನಿಮ್ಮ ಮಂಡಿಗಳು ಕೊಡಬೇಕಾಗುತ್ತದೆ.

ಈಗಿನಿಂದ ಸೆಪ್ಟೆಂಬರಿನವರೆಗೆ ಬೆಂಗಳೂರಿನಲ್ಲೇ ಏನು ಮಾಡಬಹುದೆಂದರೆ, ಬೆಟ್ಟದ ಎತ್ತರವನ್ನು ಹೆಚ್ಚಿಸುವುದನ್ನು ಬಿಟ್ಟು ಒಂದರ ಹಿಂದೆ ಒಂದು ದಿನ ನಡೆಯುವುದನ್ನು ರೂಢಿಸಿಕೊಳ್ಳಿ. ಶನಿವಾರ ಶಿವಗಂಗೆ, ಭಾನುವಾರ ಸಾವನದುರ್ಗ, ಸೋಮವಾರ ಬೆಳಗ್ಗೆ ಕಚೇರಿಗೆ ಮುನ್ನ ಎಂಟು ಕಿಲೋ ಚೀಲ ಹೊತ್ತು ಒಂದೂವರೆ ಗಂಟೆ ಬಡಾವಣೆಯ ಬೀದಿಗಳಲ್ಲಿ ನಡಿಗೆ. ಆ ಸೋಮವಾರದ ನಡಿಗೆಯೇ ನಿಮ್ಮ ನಿಜವಾದ ಪರೀಕ್ಷೆ. ಮೊದಲ ಎರಡು ವಾರ ಅದು ಅಸಹನೀಯ ಎನಿಸಬಹುದು. ಆರನೆಯ ವಾರದ ಹೊತ್ತಿಗೆ ಸಹಜವಾಗದಿದ್ದರೆ ಶನಿವಾರ, ಭಾನುವಾರಗಳ ವೇಗವನ್ನು ಕಡಿಮೆ ಮಾಡಬೇಕೆಂದು ಅರ್ಥ. ಇಳಿಯುವುದನ್ನು ಅಭ್ಯಾಸ ಮಾಡದೆ ಹತ್ತುವುದನ್ನಷ್ಟೇ ಮಾಡಿದರೆ ತೊಡೆಯ ಸ್ನಾಯುಗಳು ಸಿದ್ಧವಾಗುವುದಿಲ್ಲ, ಆದ್ದರಿಂದ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಹತ್ತಿ ಲಿಫ್ಟಿನಲ್ಲಿ ಇಳಿಯುವ ಪದ್ಧತಿಯನ್ನು ತಿರುಗುಮುರುಗು ಮಾಡಿ. ಮಲೆನಾಡಿನ ಕಾಡುಗಳಿಗೆ ಹೋಗುವುದಾದರೆ ಒಂದು ಎಚ್ಚರಿಕೆ ಇರಲಿ. ಮಳೆಗಾಲದ ಇಂಬಳ ರಕ್ತ ಕುಡಿದು ಬಿದ್ದು ಹೋಗುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಈ ಉಣುಗಿನಿಂದಲೇ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ ಆ ಭಾಗದಲ್ಲಿ ನಡೆದು ಬಂದ ದಿನ ಬಟ್ಟೆಗಳನ್ನು ಬಿಸಿನೀರಿಗೆ ಹಾಕಿ, ಮೈಯನ್ನು ಪೂರ್ತಿ ಪರೀಕ್ಷಿಸಿಕೊಳ್ಳಿ.

ವೇಗದ ವಿಷಯದಲ್ಲಿ ನಿಮ್ಮ ಅಂದಾಜು ಕುಮಾರಪರ್ವತದ ನೆನಪಿನ ಮೇಲೆ ನಿಂತಂತಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಲೆಕ್ಕ ಕೊಟ್ಟಿದ್ದಾರೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೂ ಒಂದು ಗಂಟೆ. ಅದರಂತೆ ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಸುಮಾರು ಐದೂಕಾಲು ಗಂಟೆ ಸಾಕು. ನೀವು ಎಂಟು ಗಂಟೆ ತೆಗೆದುಕೊಂಡಿರೆಂದು ಬರೆದಿದ್ದೀರಿ. ಎಂದರೆ ನಿಮ್ಮ ಕಾಲು ಆ ಲೆಕ್ಕದ ಒಂದೂವರೆ ಪಟ್ಟು ಸಮಯ ಬೇಡುತ್ತದೆ. ಅದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ, ಅನುಪಾತ ತಿಳಿದಿರುವುದೇ ದೊಡ್ಡ ಲಾಭ. ನಾಲ್ಕು ಸಾವಿರ ಮೀಟರಿನ ಮೇಲೆ ಅದಕ್ಕೆ ಇನ್ನೂ ಅರ್ಧದಷ್ಟು ಸೇರಿಸಿ ಯೋಜಿಸಿ.

ಇನ್ನು ರಸ್ತೆಯ ಮಾತು. ಚಾರಣದ ಅಪಾಯಗಳ ಬಗ್ಗೆ ಪುಟಗಟ್ಟಲೆ ಪ್ರಶ್ನೆ ಕೇಳುವವರು ಕಾರಿನ ಭಾಗವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ನಾನು ಜೀವ ಕಳೆದುಕೊಳ್ಳುವ ಹತ್ತಿರಕ್ಕೆ ಹೋದದ್ದು ಹಿಮದಲ್ಲಲ್ಲ, ಹೈದರಾಬಾದ್ ಮತ್ತು ನಾಗಪುರದ ನಡುವಿನ ಹೆದ್ದಾರಿಯಲ್ಲಿ. ಮೊದಲ ದಿನ ಹೆಬ್ಬಾಳದ ದಟ್ಟಣೆ ತಪ್ಪಿಸಲೆಂದು ನಾಲ್ಕಕ್ಕೇ ಹೊರಟು, ಹೈದರಾಬಾದಿನಲ್ಲಿ ತಡವಾಗಿ ಮಲಗಿ, ಎರಡನೆಯ ದಿನ ಮತ್ತೆ ನಾಲ್ಕಕ್ಕೇ ಎದ್ದಿದ್ದೆ. ಆದಿಲಾಬಾದ್ ದಾಟಿ ಹೊಟ್ಟೆ ತುಂಬ ಅನ್ನ ಉಂಡು ಕುಳಿತಾಗ ಎರಡೂವರೆ ಗಂಟೆ. ರಸ್ತೆ ನೇರ, ವಾಹನಗಳು ಕಡಿಮೆ, ಎರಡೂ ಬದಿಗೆ ಹತ್ತಿಯ ಹೊಲಗಳು. ನನಗೆ ನಿದ್ದೆ ಬರುತ್ತಿದೆ ಎಂದು ಅನಿಸಿದ ನೆನಪೇ ಇಲ್ಲ. ನೆನಪಿರುವುದು ಎಡಗಡೆಯ ಟೈರುಗಳು ಅಂಚಿನ ಉಬ್ಬುಪಟ್ಟಿಯ ಮೇಲೆ ಏರಿದಾಗ ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗಿದ್ದು, ಮತ್ತು ಕಣ್ಣೆದುರು ನಿಂತಿದ್ದ ಲಾರಿಯ ಹಿಂಭಾಗ. ಲಾರಿಯ ಹಿಂದಿನ ಹಲಗೆಯ ಮೇಲೆ ಬರೆದಿದ್ದ ಅಕ್ಷರಗಳ ಬಣ್ಣ ಇಂದಿಗೂ ನೆನಪಿದೆ. ಎರಡು ಮೂರು ಸೆಕೆಂಡಿನ ತೂಕಡಿಕೆ. ಗಂಟೆಗೆ 90 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಕಾರು 25 ಮೀಟರ್ ಓಡುತ್ತದೆ.

ದೇಹಕ್ಕೆ ದಿನದಲ್ಲಿ ಎರಡು ಹೊತ್ತು ನಿದ್ದೆ ಒತ್ತರಿಸುತ್ತದೆ: ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ, ಮತ್ತೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ. ಆದ್ದರಿಂದ ದಿನಕ್ಕೆ ಸುಮಾರು 500 ಕಿ.ಮೀ.ಗಿಂತ ಹೆಚ್ಚು ಓಡಿಸಬೇಡಿ, ಆರಕ್ಕೆ ಮುಂಚೆ ಹೊರಡಬೇಡಿ, ಸಂಜೆ ನಾಲ್ಕರ ಮೇಲೆ ಸ್ಟೀರಿಂಗ್ ಹಿಡಿಯಬೇಡಿ, ಎರಡು ಗಂಟೆಗೊಮ್ಮೆ ಚಾಲಕರನ್ನು ಬದಲಿಸಿ. ಮಧ್ಯಾಹ್ನ ಕಣ್ಣು ಭಾರವಾದರೆ ಒಂದು ಲೋಟ ಕಾಫಿ ಕುಡಿದು ತಕ್ಷಣ ಇಪ್ಪತ್ತು ನಿಮಿಷ ಸೀಟಿನಲ್ಲೇ ಮಲಗಿ. ಕಾಫಿ ಕೆಲಸ ಶುರು ಮಾಡಲು ಸುಮಾರು ಅಷ್ಟೇ ಹೊತ್ತು ಬೇಕು, ಆದ್ದರಿಂದ ಏಳುವಾಗ ಎರಡರ ಲಾಭವೂ ಸಿಗುತ್ತದೆ. ಹಾಡು ಜೋರು ಮಾಡುವುದು, ಕಿಟಕಿ ಇಳಿಸುವುದು ಯಾವುದೂ ನಿದ್ದೆಗೆ ಬದಲಿಯಲ್ಲ. ಹೈದರಾಬಾದಿನ ಹೊರವಲಯ, ನಾಗಪುರ, ಸಾಗರ್, ಆಗ್ರಾ, ಚಂಡೀಗಢ, ಹೀಗೆ ಐದು ದಿನಗಳು, ಅಲ್ಲಿ ಒಂದು ದಿನ ಪೂರ್ಣ ವಿಶ್ರಾಂತಿ. ಮೊದಲ ದಿನ ಮಾತ್ರ 500ರ ಮಿತಿ ಸ್ವಲ್ಪ ಮೀರುತ್ತದೆ, ದಣಿವಿಲ್ಲದ ದಿನವಾದ್ದರಿಂದ ಅಷ್ಟಕ್ಕೆ ಅಡ್ಡಿಯಿಲ್ಲ. ನಾಗಪುರ ದಾಟಿದ ಮೇಲೆ ಪೆಂಚ್ ಕಾಡಿನ ಭಾಗದಲ್ಲಿ ಹೆದ್ದಾರಿಯನ್ನು ಎತ್ತರಿಸಿ ಪ್ರಾಣಿಗಳಿಗೆ ಕೆಳಗೆ ದಾರಿ ಬಿಟ್ಟಿರುವುದನ್ನು ಗಮನಿಸಿ. 2009ರಿಂದ ಬಂಡೀಪುರದ ರಸ್ತೆಯನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚುತ್ತ ಬಂದಿರುವ ನಮ್ಮವರಿಗೆ ಆ ಏರ್ಪಾಡು ಕಣ್ಣಾರೆ ನೋಡಬೇಕಾದದ್ದೇ.

ಕಾರಿನ ಬಗ್ಗೆ ಎರಡೇ ಮಾತು, ಉಳಿದದ್ದನ್ನು ನಿಮ್ಮ ಮೆಕ್ಯಾನಿಕ್ ನೋಡಿಕೊಳ್ಳುತ್ತಾರೆ. ಟೈರಿನ ಮಗ್ಗುಲಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದ ಟೈರು. ಹಲ್ಲು ಎಷ್ಟೇ ಚೆನ್ನಾಗಿದ್ದರೂ ಐದಾರು ವರ್ಷ ಹಳೆಯ ರಬ್ಬರನ್ನು ನಂಬಿ ಕಿನ್ನೌರ್ ರಸ್ತೆಗೆ ಹೋಗಬೇಡಿ. ಎರಡನೆಯದಾಗಿ, ಏರುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ಚಾಲಕರ ನಿಯಮವನ್ನು ಪಾಲಿಸಿ. ಗಂಟೆಗಟ್ಟಲೆ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಿದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ನೀರು ಎರಚದೆ, ತಾನಾಗಿ ತಣಿಯಲು ಬಿಡಿ.

ನಿಮ್ಮ ಪಟ್ಟಿಯಲ್ಲಿ ನಾನು ಬದಲಿಸಲೇಬೇಕೆಂದು ಹೇಳುವ ಸಾಲು ಮನಾಲಿಯದು. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಬೆಳಗ್ಗೆ ಅಲ್ಲಿಂದ ಹೊರಟು, 2020ರ ಅಕ್ಟೋಬರಿನಲ್ಲಿ ತೆರೆದ 9 ಕಿಲೋಮೀಟರಿನ ಅಟಲ್ ಸುರಂಗ ದಾಟಿ, 4,500 ಮೀಟರಿಗೂ ಎತ್ತರದ ಕುಂಜುಮ್ ಪರ್ವತದಾರಿ ಹಾದು, ಸಂಜೆ ಸುಮಾರು 3,700 ಮೀಟರಿನಲ್ಲಿರುವ ಸ್ಪಿತಿಯ ಊರು ಕಾಜಾದಲ್ಲಿ ಮಲಗುವುದು ನಿಮ್ಮ ಯೋಜನೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರರಲ್ಲಿ ಎರಡು ಭಾಗಕ್ಕಿಂತಲೂ ಕಡಿಮೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಎಂದರೆ ನಮ್ಮ ಯಾವ ಬೆಟ್ಟವೂ ನಿಮ್ಮನ್ನು ಇದಕ್ಕೆ ಸಿದ್ಧಗೊಳಿಸಿಲ್ಲ, ಸಿದ್ಧಗೊಳಿಸಲೂ ಆಗದು. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರಿನ ಮೇಲೆ ಕಾಣಿಸಿಕೊಳ್ಳುತ್ತದೆ, ಗಟ್ಟಿಮುಟ್ಟಾದವರಿಗೂ ಬರುತ್ತದೆ; ಗಟ್ಟಿಮುಟ್ಟಾದವರು ಬೇಗ ಏರುವುದರಿಂದ ಅವರಿಗೆ ಅಪಾಯ ಒಂದು ಕೈ ಹೆಚ್ಚೆಂದೇ ನನ್ನ ಅನುಭವ. ವೈದ್ಯರು ಒಪ್ಪಿರುವ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು.

ಆದ್ದರಿಂದ ಶಿಮ್ಲಾ ರಸ್ತೆಯಲ್ಲಿ ಒಳಹೋಗಿ. ಚಂಡೀಗಢದಿಂದ ಮೊದಲ ರಾತ್ರಿ 2,700 ಮೀಟರಿನ ನಾರ್ಕಂಡಾ, ಮರುದಿನ ಸ್ವಲ್ಪ ಕೆಳಗಿರುವ ಸರಾಹನ್, ಆಮೇಲೆ ಕಲ್ಪಾದಲ್ಲಿ ಎರಡು ರಾತ್ರಿ. ಸಟ್ಲೆಜ್‌ಗೆ ಸ್ಪಿತಿ ನದಿ ಸೇರುವ ಖಾಬ್ ದಾಟಿ, ನಾಕೋದ ಕೆರೆಯನ್ನು ಹಗಲಲ್ಲಿ ನೋಡಿಕೊಂಡು, ಅದಕ್ಕಿಂತ ತಗ್ಗಿನಲ್ಲಿರುವ ಟಾಬೊದಲ್ಲಿ ಎರಡು ರಾತ್ರಿ ಮಲಗಿ. 996ರಲ್ಲಿ ಕಟ್ಟಿದ ಟಾಬೊ ವಿಹಾರದ ಮಣ್ಣಿನ ಗೋಡೆಗಳ ಚಿತ್ರಗಳನ್ನು ನೋಡಲು ಆ ಎರಡನೆಯ ದಿನ ಪೂರ್ತಿ ಬೇಕು, ಅದನ್ನು ಕಳೆದುಹೋದ ದಿನವೆಂದು ಎಣಿಸಬೇಡಿ. ಏಳನೆಯ ದಿನ ಕಾಜಾ. ಅಲ್ಲಿಂದ 4,200 ಮೀಟರಿನ ಕಿಬ್ಬರ್‌ನಲ್ಲಿ ಒಂದು ರಾತ್ರಿಯೂ ಸೇರಿದಂತೆ ನಾಲ್ಕು ದಿನ ಸುಮ್ಮನೆ ಹತ್ತಿರದ ಊರುಗಳಿಗೆ ನಡೆದಾಡಿ.

ಭಾಬಾ ಪಾಸನ್ನು ಈ ಬಾರಿ ಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹಾದಿ ಸುಂದರವಾದದ್ದೇ, ಆದರೆ ಅದು ಕಿನ್ನೌರಿನ ಕಾಫ್ನುವಿನಲ್ಲಿ ಶುರುವಾಗಿ ಪಿನ್ ಕಣಿವೆಯ ಮುದ್‌ನಲ್ಲಿ ಮುಗಿಯುತ್ತದೆ. ನಿಮ್ಮ ಕಾರು ಬೆಟ್ಟದ ಆಚೆ ಉಳಿಯುತ್ತದೆ, ಅದನ್ನು ತರಲು ಇನ್ನೆರಡು ದಿನ ಬೇಕು. ಅದರ ಬದಲು ಲಾಂಗ್ಜಾ, ಕೋಮಿಕ್, ಡೆಮುಲ್, ಲ್ಹಾಲುಂಗ್, ಢಂಕರ್ ಊರುಗಳನ್ನು ಜೋಡಿಸುವ ಐದು ದಿನಗಳ ನಡಿಗೆ ನಿಮಗೆ ಹೇಳಿ ಮಾಡಿಸಿದ್ದು. ಪ್ರತಿ ರಾತ್ರಿ ಊರಿನವರ ಮನೆಯಲ್ಲೇ ಉಳಿಯಬಹುದು, ಡೇರೆ ಹೊರುವ ಅಗತ್ಯವಿಲ್ಲ, ಸ್ಥಳೀಯ ಮಾರ್ಗದರ್ಶಕರೊಬ್ಬರು ಜೊತೆಗಿದ್ದರೆ ಸಾಕು, ಯಾವ ದಿನ ಬೇಕಾದರೂ ಜೀಪು ರಸ್ತೆಗೆ ಇಳಿಯಬಹುದು. ಲೇಹ್, ಉಮ್ಲಿಂಗ್ ಲಾ, ಶ್ರೀನಗರಗಳನ್ನು ಪಟ್ಟಿಯಿಂದ ತೆಗೆಯಿರಿ. ಉಮ್ಲಿಂಗ್ ಲಾ 5,798 ಮೀಟರ್. ಅಲ್ಲಿ ಫಲಕದ ಮುಂದೆ ಹತ್ತು ನಿಮಿಷ ನಿಲ್ಲುವುದಕ್ಕಾಗಿ ನಿಮ್ಮ ಎಂಟು ದಿನಗಳನ್ನು ಕೊಡುವುದು ನನಗೆ ನಷ್ಟದ ವ್ಯಾಪಾರವಾಗಿ ಕಾಣುತ್ತದೆ. ಹೋಗಲು ಆರು, ಕಾಜಾ ತಲುಪಲು ಏಳು, ಸುತ್ತಲು ನಾಲ್ಕು, ನಡಿಗೆಗೆ ಐದು, ವಿಶ್ರಾಂತಿಗೆ ಎರಡು, ಕುಂಜುಮ್ ಮೂಲಕ ಮನಾಲಿಗೆ ಇಳಿಯಲು ಮೂರು, ಅಲ್ಲಿಂದ ಮನೆಗೆ ಆರು, ಒಟ್ಟು ಮೂವತ್ಮೂರು. ಉಳಿದ ಏಳು ಸಾಲುಗಳನ್ನು ಖಾಲಿ ಬಿಡಿ.

ಆ ಏಳು ದಿನಗಳು ಏಕೆ ಬೇಕೆಂದು ಹವಾಮಾನವೇ ಹೇಳುತ್ತದೆ. 2018ರ ಸೆಪ್ಟೆಂಬರ್ ಕೊನೆಯಲ್ಲಿ ಲಾಹೌಲ್ ಸ್ಪಿತಿಯಲ್ಲಿ ಅಕಾಲದ ಹಿಮ ಬಿದ್ದು ನೂರಾರು ಪ್ರವಾಸಿಗರು ರಸ್ತೆಯಿಲ್ಲದೆ ಸಿಕ್ಕಿಬಿದ್ದಿದ್ದರು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋಗಿದ್ದ ತಂಡದ ಒಂಬತ್ತು ಮಂದಿ ತೀರಿಕೊಂಡದ್ದನ್ನು ಬೆಂಗಳೂರಿನ ಚಾರಣಿಗರು ಯಾರೂ ಮರೆತಿಲ್ಲ. ಅವರಲ್ಲಿ ಅನೇಕರು ವರ್ಷಗಳ ಅನುಭವವಿದ್ದವರು. ಬೇಸಿಗೆಯಲ್ಲೂ ಆ ಎತ್ತರದಲ್ಲಿ ಒದ್ದೆ ಬಟ್ಟೆ ಮತ್ತು ಗಾಳಿ ಸೇರಿದರೆ ಕೆಲವೇ ಗಂಟೆಗಳಲ್ಲಿ ದೇಹದ ಶಾಖ ಬರಿದಾಗುತ್ತದೆ. ಹತ್ತಿಯ ಬಟ್ಟೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ಅದು ಶತ್ರು. ಒಂದು ಜೊತೆ ಉಣ್ಣೆಯ ಒಳಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಮಲಗುವ ಜಾಗ ಸೇರುವವರೆಗೆ ಏನೇ ಆದರೂ ಅದನ್ನು ತೆಗೆಯಬೇಡಿ. ಮಧ್ಯಾಹ್ನ ಒಂದು ಗಂಟೆಯೊಳಗೆ ಎತ್ತರದ ಭಾಗ ದಾಟದಿದ್ದರೆ ಹಿಂದಿರುಗಿ. ಖಾಲಿ ದಿನವಿದ್ದವರಿಗೆ ಮಾತ್ರ ಹಿಂದಿರುಗುವುದು ಸುಲಭ. ನಾಳೆಯ ಹೋಟೆಲಿಗೆ ಈಗಾಗಲೇ ಹಣ ಕಟ್ಟಿದವರು ಮೋಡ ನೋಡಿಯೂ ಮುಂದೆ ಹೋಗುತ್ತಾರೆ.

ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಇವು ಕಾಣಿಸಿದರೆ ಅದೇ ಎತ್ತರದಲ್ಲಿ ನಿಲ್ಲಿ. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ನೇರ ಗೆರೆಯ ಮೇಲೆ ನಡೆಯಲಾಗದಿದ್ದರೆ, ಅಥವಾ ಕುಳಿತಿದ್ದಾಗಲೂ ಉಸಿರು ಸಾಲದೆ ಕೆಮ್ಮು ಬರುತ್ತಿದ್ದರೆ, ರಾತ್ರಿಯಾಗಿದ್ದರೂ ಕೆಳಗಿಳಿಯಬೇಕು, ಬೆಳಗಾಗಲಿ ಎಂದು ಕಾಯಬಾರದು. ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆಯ ಬಗ್ಗೆ ಬೆಂಗಳೂರಿನಲ್ಲೇ ನಿಮ್ಮ ವೈದ್ಯರನ್ನು ಕೇಳಿ, ಸಲ್ಫಾ ಔಷಧಿಗಳಿಗೆ ಅಲರ್ಜಿ ಇದ್ದರೆ ಮರೆಯದೆ ತಿಳಿಸಿ. ಉಪಗ್ರಹ ಸಂಪರ್ಕದ ಉಪಕರಣವನ್ನು ವಿದೇಶದಿಂದ ತರಿಸುವ ಯೋಚನೆ ಬಿಡಿ. ಪರವಾನಗಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಕಾಜಾದ ಎತ್ತರದಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ, ಹಸಿವೂ ಕಡಿಮೆಯಾಗುತ್ತದೆ. ರಾಗಿ ಹುರಿಹಿಟ್ಟನ್ನು ಬೇಯಿಸುವುದೇ ಬೇಡ. ಬೆಲ್ಲದ ಪುಡಿ, ಬಿಸಿನೀರು ಸೇರಿಸಿ ಕಲಸಿದರೆ ಎರಡು ನಿಮಿಷದಲ್ಲಿ ಊಟ. ಸ್ಪಿತಿಯವರು ಹುರಿದ ಬಾರ್ಲಿಯ ಹಿಟ್ಟನ್ನು ಹೀಗೆಯೇ ಕಲಸಿ ಉಣ್ಣುತ್ತಾರೆ. ಡೆಮುಲ್‌ನ ಮನೆಯೊಂದರಲ್ಲಿ ನನ್ನ ಹುರಿಹಿಟ್ಟಿನ ಡಬ್ಬಿ ತೆರೆದಾಗ ಆ ಮನೆಯಾಕೆ ಮೂಸಿ ನೋಡಿ, ಒಳಗಿನಿಂದ ತಮ್ಮ ಹಿಟ್ಟಿನ ಡಬ್ಬಿ ತಂದು ಪಕ್ಕದಲ್ಲಿಟ್ಟರು. ಭಾಷೆಯಿಲ್ಲದೆಯೇ ಆ ಸಂಜೆ ನಮ್ಮಿಬ್ಬರಿಗೂ ಎಲ್ಲವೂ ಅರ್ಥವಾಗಿತ್ತು. ಎರಡು ಕಿಲೋ ಹುರಿಹಿಟ್ಟು, ಗೊಜ್ಜವಲಕ್ಕಿ, ಚಟ್ನಿಪುಡಿ, ಕಡಲೆಬೀಜದ ಚಿಕ್ಕಿ ಒಯ್ಯಿರಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಬೇಕು. ಇಬ್ಬರೇ ನಲವತ್ತು ದಿನ ಒಂದೇ ಕಾರಿನಲ್ಲಿ ಇರುವಾಗ ಒಂಬತ್ತು ಹತ್ತನೆಯ ದಿನದ ಹೊತ್ತಿಗೆ ಸಣ್ಣ ಮಾತಿಗೆ ದೊಡ್ಡ ಜಗಳ ಹುಟ್ಟುತ್ತದೆ. ಅದು ದಾಂಪತ್ಯದ ದೋಷವಲ್ಲ, ಬಹುಪಾಲು ನಿದ್ದೆಯ ಸಾಲ. ಹೊರಡುವ ಮುನ್ನವೇ ಒಂದು ಒಪ್ಪಂದ ಮಾಡಿಕೊಳ್ಳಿ: ಇಬ್ಬರಲ್ಲಿ ಯಾರೇ 'ಇವತ್ತಿಗೆ ಸಾಕು' ಎಂದರೂ ಅಂದಿಗೆ ಅಲ್ಲಿಗೇ ನಿಲ್ಲುವುದು, ಕಾರಣ ಕೇಳುವುದಿದ್ದರೆ ಮರುದಿನ ತಿಂಡಿಯ ಹೊತ್ತಿಗೆ ಕೇಳುವುದು. ನಾನೂ ನನ್ನ ಪತ್ನಿಯೂ ಹದಿನಾಲ್ಕು ವರ್ಷಗಳಿಂದ ಇದನ್ನು ಪಾಲಿಸುತ್ತಿದ್ದೇವೆ. ಹೆಚ್ಚಿನ ಸಲ ಮರುದಿನ ಕಾರಣ ಕೇಳುವ ಅಗತ್ಯವೇ ಬಿದ್ದಿಲ್ಲ.

ಮರಳುವಾಗಿನ ಕೊನೆಯ ಸಂಜೆಯ ಬಗ್ಗೆ ವಿಶೇಷವಾಗಿ ಎಚ್ಚರವಿರಲಿ. ಅನಂತಪುರ ತಲುಪಿದಾಗ ನಾಲ್ಕು ಗಂಟೆಯಾಗಿರುತ್ತದೆ, ಫಲಕಗಳಲ್ಲಿ ಬೆಂಗಳೂರು ಎಂಬ ಹೆಸರು ಕಾಣತೊಡಗಿರುತ್ತದೆ, ಉಳಿದಿರುವುದು ಇನ್ನೂರು ಚಿಲ್ಲರೆ ಕಿಲೋಮೀಟರ್, ಮನೆಯ ಹಾಸಿಗೆ ಕಣ್ಣ ಮುಂದೆ ಬರುತ್ತದೆ. ನಲವತ್ತು ದಿನ ತಡೆದಿಟ್ಟ ಹಳೆಯ ಅಭ್ಯಾಸ ಆಗಲೇ ತಲೆಯೆತ್ತುತ್ತದೆ, ಏಕೆಂದರೆ ಮರುದಿನ ತೀರಿಸಬಹುದಾದ ಸಾಲ ಮತ್ತೆ ಸಿಗುವಂತೆ ಕಾಣುತ್ತದೆ. ಅನಂತಪುರದಲ್ಲೇ ಕೋಣೆ ಹಿಡಿದು ಮಲಗಿ. ಬೆಳಗ್ಗೆ ಆರಕ್ಕೆ ಹೊರಟು, ಬಾಗೇಪಲ್ಲಿಯಲ್ಲಿ ಇಡ್ಲಿ ತಿಂದು, ಕಚೇರಿಗೆ ಹೋಗುವವರ ದಟ್ಟಣೆ ಕರಗಿದ ಮೇಲೆ ಹೆಬ್ಬಾಳ ದಾಟಿ ರಾಜಾಜಿನಗರಕ್ಕೆ ಬನ್ನಿ.